ಬಾಬ್ ಡಿಲನ್ ಆಲ್ಬಂಗಳನ್ನು ಹೋಲಿಸಿ ಮೆಚ್ಚಿನ ಹತ್ತನ್ನು ಆರಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಹಾಡುಗಳನ್ನು ತಾವೇ ಬರೆದು ಹಾಡುವ ಅಮೆರಿಕದ ಗಾಯಕ ಬಾಬ್ ಡಿಲನ್ ಅವರನ್ನು ಕೇಳುವ ನಾಲ್ಕು ಜನ ಒಂದೆಡೆ ಸೇರಿದರೆ, ಅವರ ಆಲ್ಬಂಗಳಲ್ಲಿ ಯಾವುದು ಮೇಲು ಎಂಬ ಮಾತು ಬಂದೇ ಬರುತ್ತದೆ. ಬಂದ ಮಾತು ಅರ್ಧ ಗಂಟೆಯೊಳಗೆ ದಿಕ್ಕು ತಪ್ಪುತ್ತದೆ. 'ಬ್ಲಾಂಡ್ ಆನ್ ಬ್ಲಾಂಡ್' ಎಂದವರ ಮನಸ್ಸಿನಲ್ಲಿ ಅದರ ಮೂರು ಹಾಡುಗಳಷ್ಟೇ ಇರುತ್ತವೆ. 'ಬ್ಲಡ್ ಆನ್ ದ ಟ್ರ್ಯಾಕ್ಸ್' ಎಂದವರು 1975ರ ಆಲ್ಬಮ್ಮನ್ನಲ್ಲ, 2018ರಲ್ಲಿ ಹೊರಬಂದ ಬೇರೆ ಧ್ವನಿಮುದ್ರಣಗಳನ್ನು ಕೇಳಿ ಬಂದಿರುತ್ತಾರೆ. 'ಓ ಮರ್ಸಿ'ಯನ್ನು ಹಿಡಿದು ವಾದಿಸುವವರು ಅದನ್ನು ಮೊದಲು ಕೇಳಿದ ದಿನಗಳ ನೆನಪನ್ನು ಸಮರ್ಥಿಸುತ್ತಿರುತ್ತಾರೆ. ಮೂವರೂ ಮೂರು ಬೇರೆ ಸಂಗತಿಗಳ ಬಗ್ಗೆ ಮಾತಾಡುತ್ತಿರುವುದರಿಂದ ಒಮ್ಮತವಿರಲಿ, ಸರಿಯಾದ ಭಿನ್ನಾಭಿಪ್ರಾಯವೂ ಹುಟ್ಟುವುದಿಲ್ಲ.

ಈ ಎಡವಟ್ಟಿಗೆ ಕಾರಣ ಕೇಳುಗರ ಅಭಿರುಚಿಯ ಕೊರತೆಯಲ್ಲ, ಕೆಲಸದ ಕ್ರಮ ತಪ್ಪಿರುವುದು. ಹೋಲಿಸುವ ವಸ್ತು ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲೆ ಕೇಳಿ, ಕೊನೆಗೆ ಸ್ಥಾನ ಕೊಡಬೇಕು. ಹೆಚ್ಚಿನವರು ಸ್ಥಾನವನ್ನು ಮೊದಲು ಕೊಟ್ಟು ಕಾರಣವನ್ನು ಆಮೇಲೆ ಹುಡುಕುತ್ತಾರೆ. ಕೆಳಗಿನ ಹಂತಗಳನ್ನು ಕೊಟ್ಟಿರುವ ಅನುಕ್ರಮದಲ್ಲಿಯೇ ಅನುಸರಿಸಬೇಕು. ಒಂದನ್ನು ಬಿಟ್ಟು ಮುಂದಿನದಕ್ಕೆ ಹೋದರೆ ಮತ್ತೆ ಹಿಂದಕ್ಕೇ ಬರಬೇಕಾಗುತ್ತದೆ.

## ಬೇಕಾಗುವ ಸಾಮಗ್ರಿ ಮತ್ತು ಸಮಯ

ಒಂದು ಟಿಪ್ಪಣಿ ಪುಸ್ತಕ, ಕೊನೆಯವರೆಗೂ ಬದಲಾಯಿಸದ ಒಂದೇ ಹೆಡ್‌ಫೋನ್ ಅಥವಾ ಒಂದೇ ಜೊತೆ ಸ್ಪೀಕರ್, ಹಾಡುಗಳ ಸಾಹಿತ್ಯ, ಇವಿಷ್ಟು ಸಾಕು. ಸಾಹಿತ್ಯವು ಡಿಲನ್ ಅವರ ಅಧಿಕೃತ ಜಾಲತಾಣದಲ್ಲಿ ದೊರೆಯುತ್ತದೆ. ಆದರೆ ಅಲ್ಲಿ ಅಚ್ಚಾದ ಸಾಲಿಗೂ ಆಲ್ಬಂನಲ್ಲಿ ಹಾಡಿದ ಸಾಲಿಗೂ ಹಲವೆಡೆ ವ್ಯತ್ಯಾಸವಿರುವುದರಿಂದ ಕಿವಿಗೆ ಬಿದ್ದದ್ದನ್ನೇ ಪ್ರಮಾಣವಾಗಿ ಇಟ್ಟುಕೊಳ್ಳಬೇಕು.

ಸ್ಟ್ರೀಮಿಂಗ್ ಆಪ್ ಬಳಸುವವರು ಮೊದಲೇ ಮೂರು ಸೆಟ್ಟಿಂಗ್‌ಗಳನ್ನು ಸರಿಪಡಿಸಿಕೊಳ್ಳಬೇಕು. ಹಾಡುಗಳನ್ನು ಕಲಸಿ ನುಡಿಸುವ ಷಫಲ್ ಬಂದ್ ಆಗಿರಬೇಕು. ಆಲ್ಬಂ ಮುಗಿದ ಮೇಲೆ ತಾನಾಗಿಯೇ ಬೇರೆ ಹಾಡು ಶುರುವಾಗುವ ಆಟೋಪ್ಲೇ ಬಂದ್ ಆಗಿರಬೇಕು. ಒಂದು ಹಾಡಿನ ಕೊನೆಯನ್ನು ಇನ್ನೊಂದರ ಮೊದಲಿಗೆ ಬೆರೆಸುವ ಕ್ರಾಸ್‌ಫೇಡ್ ಕೂಡ ಬಂದ್ ಆಗಿರಬೇಕು. ಇವು ಸಣ್ಣ ಸಂಗತಿಗಳೆಂದು ಬಿಟ್ಟವರೇ ಮುಂದೆ ಆಲ್ಬಂನ ಕೊನೆಯ ಹಾಡು ಯಾವುದೆಂದು ತಿಳಿಯದೆ ತೀರ್ಪು ಕೊಡುತ್ತಾರೆ.

ಸಮಯದ ಲೆಕ್ಕವೂ ಮುಖ್ಯ. 2020ರ 'ರಫ್ ಅಂಡ್ ರೌಡಿ ವೇಸ್' ಡಿಲನ್ ಅವರ 39ನೆಯ ಸ್ಟುಡಿಯೊ ಆಲ್ಬಂ. ಒಂದೊಂದಕ್ಕೆ ಸರಾಸರಿ ಮುಕ್ಕಾಲು ಗಂಟೆ ಎಂದಿಟ್ಟುಕೊಂಡರೂ ಎಲ್ಲವನ್ನೂ ಒಂದು ಸಲ ಕೇಳಲು 29 ಗಂಟೆ ಬೇಕು, ಎರಡನೆಯ ಸುತ್ತಿಗೆ ಮತ್ತೆ ಸುಮಾರು ಅಷ್ಟೇ ಬೇಕು. ವಾರಾಂತ್ಯದ ಎರಡು ದಿನಗಳಲ್ಲಿ ಮುಗಿಸುತ್ತೇನೆಂದು ಹೊರಟವರು 1980ರ ದಶಕಕ್ಕೆ ಬರುವಷ್ಟರಲ್ಲಿ ದಣಿದು, ಆ ದಶಕದ ಆಲ್ಬಂಗಳಿಗೆ ಅನ್ಯಾಯ ಮಾಡುತ್ತಾರೆ. ದಿನಕ್ಕೆ ಒಂದು ಆಲ್ಬಂ, ಹೆಚ್ಚೆಂದರೆ ಎರಡು. ಇದನ್ನು ಮೀರಬಾರದು.

## ಹಂತ 1: ಪ್ರಶ್ನೆಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ

'ಮೆಚ್ಚಿನ ಆಲ್ಬಂ' ಎಂಬ ಮಾತಿನೊಳಗೆ ಕನಿಷ್ಠ ಮೂರು ಪ್ರಶ್ನೆಗಳು ಅಡಗಿವೆ: ನಾನು ಮತ್ತೆ ಮತ್ತೆ ಕೇಳುವ ಆಲ್ಬಂ ಯಾವುದು, ಕಲಾಕೃತಿಯಾಗಿ ಎಲ್ಲಕ್ಕಿಂತ ಗಟ್ಟಿಯಾದದ್ದು ಯಾವುದು, ಹೊಸ ಕೇಳುಗರಿಗೆ ಮೊದಲು ಕೊಡಬೇಕಾದದ್ದು ಯಾವುದು. ಈ ಮೂರಕ್ಕೂ ಉತ್ತರ ಒಂದೇ ಆಗಬೇಕಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಮತ್ತೆ ಮತ್ತೆ ಕೇಳುವುದು 'ಜಾನ್ ವೆಸ್ಲಿ ಹಾರ್ಡಿಂಗ್', ಗಟ್ಟಿಯೆಂದು ಒಪ್ಪುವುದು 'ಹೈವೇ 61 ರಿವಿಸಿಟೆಡ್', ಹೊಸಬರ ಕೈಗೆ ಕೊಡುವುದು 'ಬ್ಲಡ್ ಆನ್ ದ ಟ್ರ್ಯಾಕ್ಸ್'.

ಟಿಪ್ಪಣಿ ಪುಸ್ತಕದ ಮೊದಲ ಪುಟದಲ್ಲಿ ನಿಮ್ಮ ಪ್ರಶ್ನೆಯನ್ನು ಪೂರ್ಣ ವಾಕ್ಯವಾಗಿ ಬರೆದಿಡಿ. ಮುಂದೆ ಪ್ರತಿ ತೀರ್ಪಿನ ಹೊತ್ತಿಗೂ ಆ ಪುಟಕ್ಕೆ ಮರಳಿ, ಉತ್ತರಿಸುತ್ತಿರುವುದು ಅದೇ ಪ್ರಶ್ನೆಗೇ ಎಂದು ನೋಡಿಕೊಳ್ಳಬೇಕು. ಈ ಮಾರ್ಗದರ್ಶಿಯ ಉಳಿದ ಭಾಗ ಮೊದಲ ಪ್ರಶ್ನೆಯನ್ನು, ಅಂದರೆ ಸ್ವಂತ ಮೆಚ್ಚುಗೆಯನ್ನು ಗುರಿಯಾಗಿಟ್ಟುಕೊಂಡಿದೆ.

## ಹಂತ 2: ಸ್ಪರ್ಧೆಯಲ್ಲಿ ಯಾವುದಿರಬೇಕು, ಯಾವುದಿರಬಾರದು

ಅತಿ ಹೆಚ್ಚು ಜನ ಎಡವುವುದು ಇಲ್ಲಿ. 1967ರ 'ಗ್ರೇಟೆಸ್ಟ್ ಹಿಟ್ಸ್'ನಂತಹ ಆಯ್ದ ಹಾಡುಗಳ ಸಂಕಲನಗಳನ್ನು ಪಟ್ಟಿಯಿಂದ ಹೊರಗಿಡಬೇಕು. ಐದಾರು ಆಲ್ಬಂಗಳ ಕೆನೆಯನ್ನು ಒಂದೆಡೆ ಹಾಕಿದ ಸಂಕಲನದ ಮುಂದೆ ಯಾವ ಆಲ್ಬಂ ಸಹ ನಿಲ್ಲಲಾರದು. ಡಿಲನ್ ಅವರನ್ನು ಇಂತಹ ಸಂಕಲನದ ಕ್ಯಾಸೆಟ್ಟಿನಿಂದಲೇ ಮೊದಲು ಕೇಳಿದವರಿಗೆ ಇದನ್ನು ಬಿಡುವುದು ಕಷ್ಟವೆನಿಸಬಹುದು, ಆದರೂ ಬಿಡಲೇಬೇಕು.

ನೇರ ಕಚೇರಿಗಳ ಆಲ್ಬಂಗಳಿಗೆ, ಅಂದರೆ 1974ರ 'ಬಿಫೋರ್ ದ ಫ್ಲಡ್', 1976ರ 'ಹಾರ್ಡ್ ರೇನ್' ಮುಂತಾದವುಗಳಿಗೆ ಬೇರೆಯದೇ ಪಟ್ಟಿ ಮಾಡಿ. 1991ರಿಂದ ಹೊರಬರುತ್ತಿರುವ 'ಬೂಟ್‌ಲೆಗ್ ಸೀರೀಸ್' ಸಂಪುಟಗಳೂ ಪ್ರತ್ಯೇಕವಾಗಿಯೇ ಇರಲಿ. ಇವುಗಳಲ್ಲಿ ಇರುವುದು ಬಿಟ್ಟುಹೋದ ಹಾಡುಗಳು, ಬೇರೆ ಟೇಕ್‌ಗಳು (ಅದೇ ಹಾಡನ್ನು ಇನ್ನೊಂದು ಸಲ ಹಾಡಿ ಮುದ್ರಿಸಿದವು) ಮತ್ತು ಕಚೇರಿಗಳು. ಅವನ್ನು ಆಧಾರವಾಗಿ ಬಳಸಬಹುದು, ಸ್ಪರ್ಧಿಯಾಗಿ ಅಲ್ಲ.

ಇಲ್ಲಿ ನಡೆಯುವ ಒಂದು ಸೂಕ್ಷ್ಮ ತಪ್ಪನ್ನು ವಿವರವಾಗಿಯೇ ಹೇಳಬೇಕು. 'ಬ್ಲೈಂಡ್ ವಿಲಿ ಮ್ಯಾಕ್‌ಟೆಲ್' ಎಂಬ ಹಾಡನ್ನು ಡಿಲನ್ 1983ರಲ್ಲಿ 'ಇನ್ಫಿಡೆಲ್ಸ್' ಆಲ್ಬಂಗಾಗಿ ಹಾಡಿ, ಕೊನೆಗೆ ಅದನ್ನು ಕೈಬಿಟ್ಟರು. ಕೇಳುಗರಿಗೆ ಅದು ಅಧಿಕೃತವಾಗಿ ಸಿಕ್ಕಿದ್ದು 1991ರಲ್ಲಿ. ಆ ಹಾಡಿನ ಹಿರಿಮೆಯನ್ನು 'ಇನ್ಫಿಡೆಲ್ಸ್'ನ ಖಾತೆಗೆ ಜಮಾ ಮಾಡುವವರು ಬಹಳ. ಹಾಗೆ ಮಾಡಕೂಡದು, ಏಕೆಂದರೆ ಅದಿಲ್ಲದ ಎಂಟು ಹಾಡುಗಳೇ ಆ ಆಲ್ಬಂ. ಹಾಗೆಯೇ 'ಮಿಸಿಸಿಪಿ' ಹಾಡು 'ಟೈಮ್ ಔಟ್ ಆಫ್ ಮೈಂಡ್' ತಯಾರಾಗುವಾಗ ಮುದ್ರಣಗೊಂಡರೂ ಅದರಲ್ಲಿ ಸೇರಲಿಲ್ಲ. ಹೊಸದಾಗಿ ಹಾಡಿದ ರೂಪದಲ್ಲಿ 2001ರ 'ಲವ್ ಅಂಡ್ ಥೆಫ್ಟ್'ನಲ್ಲಿ ಬಂತು. ಅದರ ಹಿರಿಮೆ ಸಲ್ಲಬೇಕಾದದ್ದು ಎರಡನೆಯದಕ್ಕೆ.

2023ರ 'ಶ್ಯಾಡೋ ಕಿಂಗ್ಡಮ್' ಬಹುಪಾಲು ಹಳೆಯ ಹಾಡುಗಳನ್ನೇ ಮತ್ತೆ ಹಾಡಿದ ಆಲ್ಬಂ ಆದ್ದರಿಂದ ಅದನ್ನೂ ಹೊರಗಿಟ್ಟು 39ಕ್ಕೆ ನಿಲ್ಲಿಸುವುದು ಸೂಕ್ತ.

## ಹಂತ 3: ಆವೃತ್ತಿಯನ್ನು ಖಚಿತಪಡಿಸಿಕೊಳ್ಳಿ

ಒಂದೇ ಹೆಸರಿನ ಆಲ್ಬಂ ಎಲ್ಲ ಕಡೆಯೂ ಒಂದೇ ಆಗಿರುವುದಿಲ್ಲ. 1981ರ 'ಶಾಟ್ ಆಫ್ ಲವ್' ಮೊದಲ ಎಲ್‌ಪಿಯಲ್ಲಿ (ಎರಡು ಮಗ್ಗುಲಿನ ಗ್ರಾಮಫೋನ್ ತಟ್ಟೆಯಲ್ಲಿ) ಒಂಬತ್ತು ಹಾಡುಗಳಿದ್ದವು. 'ದ ಗ್ರೂಮ್ಸ್ ಸ್ಟಿಲ್ ವೇಟಿಂಗ್ ಅಟ್ ದ ಆಲ್ಟರ್' ಆಮೇಲಿನ ಮುದ್ರಣಗಳಲ್ಲಿ ಸೇರಿಕೊಂಡಿತು. ಆ ಒಂದು ಹಾಡಿನಿಂದ ಆಲ್ಬಂನ ಎರಡನೆಯ ಅರ್ಧದ ಕಾವೇ ಬದಲಾಗುತ್ತದೆ. 1978ರ 'ಸ್ಟ್ರೀಟ್ ಲೀಗಲ್' ಮಂಕಾದ ಧ್ವನಿಯಿಂದಾಗಿ ಬೈಸಿಕೊಂಡ ಆಲ್ಬಂ. 1999ರಲ್ಲಿ ಅದನ್ನು ಹೊಸದಾಗಿ ಮಿಕ್ಸ್ ಮಾಡಲಾಯಿತು, ಅಂದರೆ ಕಂಠ ಮತ್ತು ವಾದ್ಯಗಳ ಧ್ವನಿಯನ್ನು ಮತ್ತೆ ಹದವಾಗಿ ಬೆರೆಸಲಾಯಿತು. ಹಳೆಯ ಎಲ್‌ಪಿ ಕೇಳಿದವರೂ ಹೊಸ ಸಿಡಿ ಕೇಳಿದವರೂ ಅದರ ಬಗ್ಗೆ ಜಗಳವಾಡುವಾಗ ಇಬ್ಬರೂ ಸರಿಯಾಗಿರಬಹುದು. 'ಟೈಮ್ ಔಟ್ ಆಫ್ ಮೈಂಡ್'ಗೂ 2023ರ 'ಬೂಟ್‌ಲೆಗ್ ಸೀರೀಸ್' ಸಂಪುಟದಲ್ಲಿ ಹೊಸ ಮಿಕ್ಸ್ ಬಂದಿದೆ. ನಿರ್ಮಾಪಕ ಡೇನಿಯಲ್ ಲಾನ್ವಾ 1997ರಲ್ಲಿ ಕಟ್ಟಿದ ಮಬ್ಬು ಕವಿದಂತಹ ವಾತಾವರಣ ಅದರಲ್ಲಿ ತೆಳುವಾಗಿ, ಕಂಠ ಮುಂದಕ್ಕೆ ಬಂದಿದೆ.

ನಿಯಮ ಸರಳ: ಮೊದಲು ಬಿಡುಗಡೆಯಾದ ಹಾಡುಗಳ ಪಟ್ಟಿ ಮತ್ತು ಅನುಕ್ರಮವೇ ಪ್ರಮಾಣ. ಹೊಸ ಮಿಕ್ಸ್ ಮಾತ್ರ ಕೈಗೆ ಸಿಗುವುದಾದರೆ ಹಾಗೆಂದು ಟಿಪ್ಪಣಿಯಲ್ಲಿ ಬರೆಯಿರಿ. ಡಿಲಕ್ಸ್ ಆವೃತ್ತಿಯ ಕೊನೆಯಲ್ಲಿ ಅಂಟಿಸಿದ ಹೆಚ್ಚುವರಿ ಹಾಡುಗಳು ಶುರುವಾಗುವ ಮೊದಲೇ ನಿಲ್ಲಿಸಿ.

ಮೊದಲ ಎಂಟು ಆಲ್ಬಂಗಳಿಗೆ, ಅಂದರೆ 1962ರ 'ಬಾಬ್ ಡಿಲನ್'ನಿಂದ 1967ರ 'ಜಾನ್ ವೆಸ್ಲಿ ಹಾರ್ಡಿಂಗ್'ವರೆಗೆ, ಮೋನೊ (ಎರಡೂ ಕಿವಿಗೆ ಒಂದೇ ಧ್ವನಿ) ಮತ್ತು ಸ್ಟೀರಿಯೊ (ಎಡಕ್ಕೂ ಬಲಕ್ಕೂ ಬೇರೆ ಬೇರೆ ಧ್ವನಿ) ಎರಡೂ ರೂಪಗಳಿವೆ. ಮೋನೊ ರೂಪಗಳು 2010ರಲ್ಲಿ ಒಂದೇ ಪೆಟ್ಟಿಗೆಯಾಗಿ ಮತ್ತೆ ಬಂದವು. ಹೆಡ್‌ಫೋನಿನಲ್ಲಿ ಕೇಳುವವರಿಗೆ ನಾನು ಮೋನೊವನ್ನೇ ಸೂಚಿಸುತ್ತೇನೆ. ಅಂದಿನ ಸ್ಟೀರಿಯೊದಲ್ಲಿ ವಾದ್ಯಗಳನ್ನು ಎಡಕ್ಕೂ ಬಲಕ್ಕೂ ಸೀಳಿಟ್ಟಂತಿರುವುದರಿಂದ ಹಾಡಿನ ಒಟ್ಟಂದ ಒಡೆದುಹೋಗುತ್ತದೆ. ಯಾವುದನ್ನೇ ಆರಿಸಿದರೂ ಎಂಟಕ್ಕೂ ಅದನ್ನೇ ಪಾಲಿಸಬೇಕು.

## ಹಂತ 4: ಗುಂಪುಗಳಾಗಿ ವಿಂಗಡಿಸಿ

39 ಆಲ್ಬಂಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಲು ಹೋಗಬೇಡಿ. 1963ರ ಒಂಟಿ ಗಿಟಾರಿನ ಆಲ್ಬಮ್ಮನ್ನು 2006ರ ವಾದ್ಯಮೇಳದ ಆಲ್ಬಂ ಜೊತೆ ನೇರವಾಗಿ ಹೋಲಿಸಿದರೆ ನೀವು ಆಲ್ಬಂಗಳನ್ನಲ್ಲ, ವಾದ್ಯಗಳನ್ನು ಹೋಲಿಸಿದಂತಾಗುತ್ತದೆ. ಕೆಳಗಿನ ವಿಂಗಡಣೆ ಉಪಯೋಗಕ್ಕೆ ಬರುತ್ತದೆ.

1962ರಿಂದ 1964ರವರೆಗಿನ ನಾಲ್ಕು ಆಲ್ಬಂಗಳದು ಮೊದಲ ಗುಂಪು. 1965–66ರ 'ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್', 'ಹೈವೇ 61 ರಿವಿಸಿಟೆಡ್', 'ಬ್ಲಾಂಡ್ ಆನ್ ಬ್ಲಾಂಡ್', ಈ ಮೂರು ಎರಡನೆಯದು. 1967ರ 'ಜಾನ್ ವೆಸ್ಲಿ ಹಾರ್ಡಿಂಗ್'ನಿಂದ 1973ರವರೆಗಿನ ಆರು ಮೂರನೆಯದು. 1974–78ರ ನಡುವಿನ 'ಪ್ಲಾನೆಟ್ ವೇವ್ಸ್', 'ಬ್ಲಡ್ ಆನ್ ದ ಟ್ರ್ಯಾಕ್ಸ್', 'ಡಿಸೈರ್', 'ಸ್ಟ್ರೀಟ್ ಲೀಗಲ್' ಹಾಗೂ 1967ರಲ್ಲಿ ಮುದ್ರಿಸಿ 1975ರಲ್ಲಿ ಹೊರತಂದ 'ದ ಬೇಸ್‌ಮೆಂಟ್ ಟೇಪ್ಸ್' ಸೇರಿ ನಾಲ್ಕನೆಯದು. 1979–81ರ ಮೂರು ಕ್ರೈಸ್ತ ಭಕ್ತಿಯ ಆಲ್ಬಂಗಳು ಐದನೆಯದು. 1983–90ರ ಆರು ಆಲ್ಬಂಗಳು ಆರನೆಯದು. 1997ರ 'ಟೈಮ್ ಔಟ್ ಆಫ್ ಮೈಂಡ್'ನಿಂದ 2020ರವರೆಗೆ ಸ್ವಂತ ರಚನೆಗಳಿರುವ ಆರು ಆಲ್ಬಂಗಳು ಏಳನೆಯದು. ಉಳಿದ ಆರು, ಅಂದರೆ 1992–93ರ ಎರಡು ಜನಪದ ಆಲ್ಬಂಗಳು, 2009ರ ಕ್ರಿಸ್‌ಮಸ್ ಆಲ್ಬಂ ಮತ್ತು 2015–17ರ ಹಳೆಯ ಅಮೆರಿಕನ್ ಜನಪ್ರಿಯ ಗೀತೆಗಳ ಮೂರು ಆಲ್ಬಂಗಳು, ಬೇರೆಯವರ ಹಾಡುಗಳ ಗುಂಪಿಗೆ ಸೇರುತ್ತವೆ.

ಮೊಟ್ಟಮೊದಲ ಆಲ್ಬಂನಲ್ಲೂ ಡಿಲನ್ ಅವರ ಸ್ವಂತ ರಚನೆಗಳು ಎರಡೇ ಇರುವುದರಿಂದ ಅದು ಕೊನೆಯ ಗುಂಪಿಗೆ ಸೇರಬೇಕಲ್ಲವೇ ಎಂದು ಕೇಳಬಹುದು. ಸೇರಿಸಬಹುದು, ತಪ್ಪೇನಿಲ್ಲ, ಕೇಳಲು ಶುರುಮಾಡಿದ ಮೇಲೆ ಮಾತ್ರ ಜಾಗ ಬದಲಿಸಬಾರದು. 1973ರ 'ಡಿಲನ್' ಎಂಬ ಆಲ್ಬಮ್ಮನ್ನು ಕೊಲಂಬಿಯಾ ಕಂಪನಿಯು ಅವರು ಬೇರೆ ಕಂಪನಿಗೆ ಹೋದ ಹೊತ್ತಿನಲ್ಲಿ, ಅವರ ಆಯ್ಕೆಯಿಲ್ಲದೆ, ಉಳಿಕೆ ಹಾಡುಗಳಿಂದ ಹೊರತಂದದ್ದು. ಅದನ್ನು ಒಮ್ಮೆ ಕೇಳಿ ಮುಂದೆ ಸಾಗಬಹುದು.

## ಹಂತ 5: ಕೇಳುವ ಕ್ರಮ

ಗುಂಪಿನೊಳಗೆ ಬಿಡುಗಡೆಯ ವರ್ಷದ ಅನುಕ್ರಮವನ್ನು ಪಾಲಿಸಿ. ಆದರೆ ಗುಂಪುಗಳನ್ನು ವರ್ಷಾನುಕ್ರಮದಲ್ಲಿ ತೆಗೆದುಕೊಳ್ಳಬೇಡಿ; ನಿಮಗೆ ಅತಿ ಕಡಿಮೆ ಪರಿಚಯವಿರುವ ಗುಂಪಿನಿಂದ ಶುರುಮಾಡಿ. ಕಿವಿ ಹೊಸದಾಗಿರುವಾಗಲೇ ಅಪರಿಚಿತ ಆಲ್ಬಂಗಳಿಗೆ ನ್ಯಾಯ ಸಿಗುತ್ತದೆ. 1960ರ ದಶಕ ಹೇಗೂ ಪರಿಚಿತ, ಅದು ಕಾಯಬಲ್ಲದು.

ಹಳೆಯ ಆಲ್ಬಂಗಳನ್ನು ಕಟ್ಟಿರುವುದು ಎಲ್‌ಪಿಯ ಮಗ್ಗುಲುಗಳ ಲೆಕ್ಕದಲ್ಲಿ ಎಂಬುದನ್ನು ಮರೆಯಬಾರದು. 'ಬ್ರಿಂಗಿಂಗ್ ಇಟ್ ಆಲ್ ಬ್ಯಾಕ್ ಹೋಮ್'ನ ಮೊದಲ ಮಗ್ಗುಲಿನಲ್ಲಿ ಎಲೆಕ್ಟ್ರಿಕ್ ವಾದ್ಯಗಳ ಅಬ್ಬರವಿದೆ. ಎರಡನೆಯದನ್ನು ಬಹುಮಟ್ಟಿಗೆ ಅಕೂಸ್ಟಿಕ್ ಗಿಟಾರೇ ನಡೆಸುತ್ತದೆ. ತಟ್ಟೆಯನ್ನು ತಿರುವಿ ಹಾಕುವ ಆ ಬಿಡುವಿನಲ್ಲಿ ಆಲ್ಬಂ ತನ್ನ ಸ್ವಭಾವವನ್ನೇ ಬದಲಿಸುತ್ತದೆ. ಮೊಬೈಲಿನಲ್ಲಿ ಕೇಳುವಾಗ ಆ ಬಿಡುವು ಮಾಯವಾಗುವುದರಿಂದ ನೀವೇ ಒಂದೆರಡು ನಿಮಿಷ ನಿಲ್ಲಿಸಿ ಮುಂದುವರಿಯಬೇಕು. 'ಬ್ಲಾಂಡ್ ಆನ್ ಬ್ಲಾಂಡ್' ಎರಡು ತಟ್ಟೆಗಳ, ನಾಲ್ಕು ಮಗ್ಗುಲಿನ ಆಲ್ಬಂ. 'ಸ್ಯಾಡ್ ಐಡ್ ಲೇಡಿ ಆಫ್ ದ ಲೋಲ್ಯಾಂಡ್ಸ್' ಎಂಬ ಹನ್ನೊಂದು ನಿಮಿಷ ಮೀರಿದ ಹಾಡು ಒಂದೇ ಅದರ ನಾಲ್ಕನೆಯ ಮಗ್ಗುಲನ್ನು ಪೂರ್ತಿ ಆಕ್ರಮಿಸಿದೆ. ಅದನ್ನು ಹದಿಮೂರು ಹಾಡುಗಳ ಬೆನ್ನಿಗೆ ಬಿಡುವಿಲ್ಲದೆ ಕೇಳಿದವರಿಗೆ ಅದು ಎಳೆದಂತೆ ಕೇಳಿಸುತ್ತದೆ. ನಿಲ್ಲಿಸಿ, ಎದ್ದು ಬಂದು, ಅದೊಂದನ್ನೇ ಕೇಳಿದವರಿಗೆ ಬೇರೆಯೇ ಕೃತಿ ಸಿಗುತ್ತದೆ.

ಧ್ವನಿಯ ಮಟ್ಟವನ್ನೂ ಸರಿದೂಗಿಸಬೇಕು. ಸಿಡಿ ಯುಗದ ಆಲ್ಬಂಗಳನ್ನು ಹಳೆಯವುಗಳಿಗಿಂತ ಜೋರಾಗಿ ಮುದ್ರಿಸಿರುವುದು ಸಾಮಾನ್ಯ, ಮತ್ತು ಎರಡರಲ್ಲಿ ಜೋರಾದದ್ದೇ ಒಳ್ಳೆಯದೆಂದು ಕಿವಿ ಮೋಸಹೋಗುತ್ತದೆ. ಪ್ರತಿ ಆಲ್ಬಂನ ಮೊದಲ ಹಾಡಿನಲ್ಲಿ ಡಿಲನ್ ಅವರ ಕಂಠ ಒಂದೇ ಅಳತೆಗೆ ಕೇಳುವಂತೆ ವಾಲ್ಯೂಮ್ ಹೊಂದಿಸಿ, ಆಮೇಲೆ ಅದನ್ನು ಮುಟ್ಟಬೇಡಿ.

ಪ್ರತಿ ಆಲ್ಬಮ್ಮನ್ನು ಎರಡು ಸಲ ಕೇಳಬೇಕು: ಮೊದಲ ಸಲ ಸಾಹಿತ್ಯ ನೋಡದೆ, ಎರಡನೆಯ ಸಲ ಸಾಹಿತ್ಯ ನೋಡುತ್ತಾ. ಇವೆರಡರ ನಡುವೆ ಒಂದು ದಿನವಾದರೂ ಕಳೆಯಲಿ.

## ಹಂತ 6: ಟಿಪ್ಪಣಿ ಬರೆಯುವ ವಿಧಾನ

ಅಂಕ ಕೊಡಬೇಡಿ. ಹತ್ತಕ್ಕೆ ಎಂಟೂವರೆ ಎಂಬುದು ಬರೆದ ಮರುವಾರಕ್ಕೆ ಅರ್ಥ ಕಳೆದುಕೊಳ್ಳುತ್ತದೆ. ಅದರ ಬದಲು ಪ್ರತಿ ಆಲ್ಬಂಗೂ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಮೊದಲ ಹಾಡು ಉಳಿದ ಆಲ್ಬಂಗೆ ದಾರಿ ಮಾಡುತ್ತದೆಯೇ? ದಾಟಿಸಿ ಮುಂದೆ ಹೋಗಬೇಕೆನಿಸಿದ ಹಾಡು ಯಾವುದು, ಅದು ಎಷ್ಟನೆಯದು? ವಾದ್ಯಗಾರರು ಹಾಡಿಗೆ ಏನು ಸೇರಿಸಿದ್ದಾರೆ? ಕೊನೆಯ ಹಾಡು ಮುಗಿದಾಗ ಮೊದಲ ಹಾಡನ್ನು ಮತ್ತೆ ಹಾಕಬೇಕೆನಿಸಿತೇ?

ಕನ್ನಡ ಕೇಳುಗರು ಇಲ್ಲಿ ವಿಶೇಷವಾಗಿ ಗಮನಿಸಬೇಕಾದ ಒಂದು ವಿಷಯವಿದೆ. ನಮ್ಮ ಸುಗಮ ಸಂಗೀತದಲ್ಲಿ ಕವಿ, ರಾಗ ಸಂಯೋಜಕ, ಗಾಯಕ ಸಾಮಾನ್ಯವಾಗಿ ಬೇರೆ ಬೇರೆ ವ್ಯಕ್ತಿಗಳು. ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗೆ ಸಿ. ಅಶ್ವತ್ಥ್ ರಾಗ ಹಾಕಿದಾಗ ಕವಿತೆ ಮೊದಲೇ ಪುಸ್ತಕದಲ್ಲಿತ್ತು. ಆದ್ದರಿಂದ ಸಾಹಿತ್ಯವನ್ನು ಸಂಗೀತದಿಂದ ಬೇರ್ಪಡಿಸಿ ಅಳೆಯುವ ಅಭ್ಯಾಸ ನಮಗೆ ಸಹಜವಾಗಿ ಬಂದಿದೆ. ಡಿಲನ್ ಅವರ ವಿಷಯದಲ್ಲಿ ಈ ಅಭ್ಯಾಸ ಅಡ್ಡಿಯಾಗುತ್ತದೆ. ಪದ, ಧಾಟಿ, ಕಂಠ ಮೂರೂ ಒಬ್ಬರದೇ ಆಗಿರುವಲ್ಲಿ ಒಂದು ಸಾಲು ಕಾಗದದ ಮೇಲೆ ಸಪ್ಪೆಯಾಗಿ ಕಂಡರೂ ಅವರು ಅದನ್ನು ಎಳೆದು ಮುರಿಯುವ ರೀತಿಯಲ್ಲಿ ಜೀವ ಪಡೆಯುತ್ತದೆ. 2016ರಲ್ಲಿ ಅವರಿಗೆ ಸಾಹಿತ್ಯದ ನೊಬೆಲ್ ಪ್ರಶಸ್ತಿ ಬಂದ ನಂತರ ಸಾಹಿತ್ಯವನ್ನಷ್ಟೇ ಓದಿ ಆಲ್ಬಂಗೆ ಸ್ಥಾನ ಕೊಡುವ ಪ್ರವೃತ್ತಿ ಇನ್ನೂ ಹೆಚ್ಚಾಗಿದೆ. ಎರಡನೆಯ ಸಲ ಕೇಳುವಾಗ ಮಾತ್ರ ಸಾಹಿತ್ಯ ನೋಡಿ ಎಂದು ಹೇಳಿದ್ದು ಇದೇ ಕಾರಣಕ್ಕೆ.

ಆಲ್ಬಂ ಸುತ್ತಲಿನ ಅಕ್ಕರೆಯನ್ನು ಬೇರೆ ಸಾಲಿನಲ್ಲಿ ಬರೆದುಕೊಳ್ಳಿ. 'ಜಾನ್ ವೆಸ್ಲಿ ಹಾರ್ಡಿಂಗ್'ನ ಹೊದಿಕೆ ಚಿತ್ರದಲ್ಲಿ ಡಿಲನ್ ಜೊತೆ ಬಂಗಾಳದ ಬಾವುಲ್ ಗಾಯಕರಾದ ಪೂರ್ಣದಾಸ್ ಮತ್ತು ಲಕ್ಷ್ಮಣದಾಸ್ ನಿಂತಿದ್ದಾರೆ. ಅದನ್ನು ಕಂಡಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಆ ಸಂತೋಷ ಹಾಡುಗಳದ್ದಲ್ಲ, ಆದ್ದರಿಂದ ತೀರ್ಪಿನ ಲೆಕ್ಕಕ್ಕೆ ಅದು ಬರಬಾರದು.

## ಹಂತ 7: ಜೋಡಿ ಜೋಡಿಯಾಗಿ ಹೋಲಿಸಿ

ಗುಂಪಿನ ಎಲ್ಲ ಆಲ್ಬಂಗಳನ್ನು ಕೇಳಿ ಮುಗಿಸಿದ ಮೇಲಷ್ಟೇ ಹೋಲಿಕೆಗೆ ಇಳಿಯಬೇಕು. ಒಂದು ಸಲಕ್ಕೆ ಎರಡೇ ಆಲ್ಬಂ. ಗೆದ್ದದ್ದನ್ನು ಮುಂದಿನದರ ಎದುರು ನಿಲ್ಲಿಸಬೇಕು. ಎರಡರಲ್ಲೂ ಒಂದೇ ಬಗೆಯ ಕೆಲಸ ಮಾಡುವ ಹಾಡುಗಳನ್ನು ಹುಡುಕಿ ಎದುರುಬದುರು ಇಡುವುದು ಇದರ ಮರ್ಮ.

ನಾಲ್ಕನೆಯ ಗುಂಪಿನ ಒಂದು ಜೋಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ: 1975ರ 'ಬ್ಲಡ್ ಆನ್ ದ ಟ್ರ್ಯಾಕ್ಸ್' ಮತ್ತು 1976ರ 'ಡಿಸೈರ್'. ಮೊದಲನೆಯದರಲ್ಲಿ ಹತ್ತು ಹಾಡುಗಳು, ಎರಡನೆಯದರಲ್ಲಿ ಒಂಬತ್ತು. ಮೊದಲನೆಯದು ಪೂರ್ತಿ ಡಿಲನ್ ಅವರದೇ ರಚನೆ. ಎರಡನೆಯದರ ಒಂಬತ್ತರಲ್ಲಿ ಏಳನ್ನು ಅವರು ಜಾಕ್ ಲೆವಿ ಅವರೊಂದಿಗೆ ಕೂಡಿ ಬರೆದಿದ್ದಾರೆ. ಎರಡರಲ್ಲೂ ಎರಡನೆಯ ಮಗ್ಗುಲಿನಲ್ಲಿ ಒಂದೊಂದು ದೀರ್ಘ ಕಥನಗೀತೆಯಿದೆ, ಹೋಲಿಕೆಯನ್ನು ಅಲ್ಲಿಂದಲೇ ಶುರುಮಾಡಬೇಕು.

'ಲಿಲಿ, ರೋಸ್ಮರಿ ಅಂಡ್ ದ ಜ್ಯಾಕ್ ಆಫ್ ಹಾರ್ಟ್ಸ್' ಸುಮಾರು ಒಂಬತ್ತು ನಿಮಿಷದ್ದು. ಆಲ್ಬಂನ ಏಳನೆಯ ಹಾಡು. ಅದಕ್ಕೆ ಮುಂಚೆ ಒಂದು ಸರಳ ಬ್ಲೂಸ್ ಹಾಡು ಬಂದು ಕಿವಿಗೆ ಬಿಡುವು ಕೊಟ್ಟಿರುತ್ತದೆ, ಕಥೆಯೂ ಓಟದ ಲಯದಲ್ಲಿ ಸಾಗುತ್ತದೆ. 'ಡಿಸೈರ್'ನ 'ಜೋಯಿ' ಹನ್ನೊಂದು ನಿಮಿಷದ್ದು. ನ್ಯೂಯಾರ್ಕಿನ ಪಾತಕಿ ಜೋ ಗ್ಯಾಲೊ ಅವರ ಕಥೆ. ಅದು ಎರಡನೆಯ ಮಗ್ಗುಲಿನ ಮೊದಲಿಗೇ ಬರುತ್ತದೆ, ನಿಧಾನಗತಿಯಲ್ಲಿ ಬರುತ್ತದೆ. ಮೊದಲ ಮಗ್ಗುಲಿನಲ್ಲಿ ಸ್ಕಾರ್ಲೆಟ್ ರಿವೆರಾ ಅವರ ಪಿಟೀಲು ಮತ್ತು ಎಮಿಲೂ ಹ್ಯಾರಿಸ್ ಅವರ ಜೊತೆಗಂಠ ಏರಿಸಿಟ್ಟ ಬಿಸಿ ಇಲ್ಲಿ ಆರುತ್ತದೆ. ಕೊನೆಯ ಹಾಡಾದ 'ಸಾರಾ' ಎಷ್ಟೇ ಆಪ್ತವಾಗಿದ್ದರೂ ಆ ಬಿಸಿಯನ್ನು ಪೂರ್ತಿ ಮರಳಿಸಲು ಆಗುವುದಿಲ್ಲ. 'ಡಿಸೈರ್' ಸೋಲುವುದು ಹಾಡುಗಳ ಗುಣದಲ್ಲಲ್ಲ, ಜೋಡಣೆಯಲ್ಲಿ. ಇದು ನನ್ನ ತೀರ್ಪು. ನೀವು ಒಪ್ಪದಿದ್ದರೆ ಇಂತಹದ್ದೇ ನಿರ್ದಿಷ್ಟ ಜಾಗವನ್ನು ತೋರಿಸಿ ಒಪ್ಪದಿರಬೇಕು.

ಇದೇ ಜೋಡಿಯಲ್ಲಿ ಆವೃತ್ತಿಯ ಗೊಂದಲವೂ ಎದುರಾಗುತ್ತದೆ. 'ಬ್ಲಡ್ ಆನ್ ದ ಟ್ರ್ಯಾಕ್ಸ್' 1974ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಮುದ್ರಣಗೊಂಡಿತು. ಡಿಸೆಂಬರಿನಲ್ಲಿ ಡಿಲನ್ ಮಿನಿಯಾಪೊಲಿಸ್‌ನಲ್ಲಿ ಅದರ ಐದು ಹಾಡುಗಳನ್ನು ಸ್ಥಳೀಯ ವಾದ್ಯಗಾರರೊಂದಿಗೆ ಮತ್ತೆ ಹಾಡಿದರು. ಹೊರಬಂದ ಆಲ್ಬಂ ಎರಡೂ ಊರುಗಳ ಬೆರಕೆ. 'ಟ್ಯಾಂಗಲ್ಡ್ ಅಪ್ ಇನ್ ಬ್ಲೂ' ಹಾಡಿನ ನ್ಯೂಯಾರ್ಕ್ ರೂಪದ ಆರಂಭದಲ್ಲಿ ಹಾಸಿಗೆಯಲ್ಲಿ ಮಲಗಿರುವವನು 'ಅವನು'. ಆಲ್ಬಂನಲ್ಲಿರುವ ರೂಪದಲ್ಲಿ 'ನಾನು'. ಒಂದು ಸರ್ವನಾಮ ಬದಲಾದಾಗ ದೂರದಿಂದ ಹೇಳುತ್ತಿದ್ದ ಕಥೆ ನಿವೇದನೆಯಾಗುತ್ತದೆ. ನ್ಯೂಯಾರ್ಕ್ ರೂಪಗಳನ್ನು ಹೆಚ್ಚು ಮೆಚ್ಚುವವರು ಹಾಗೆಂದು ಸ್ಪಷ್ಟವಾಗಿ ಹೇಳಲಿ. ಆದರೆ ಅವರು ಮೆಚ್ಚುತ್ತಿರುವುದು 1975ರ ಜನವರಿಯಲ್ಲಿ ಹೊರಬಂದ ಆಲ್ಬಮ್ಮನ್ನಲ್ಲ.

## ಹಂತ 8: ಗುಂಪುಗಳಿಂದ ಹತ್ತಕ್ಕೆ

ಪ್ರತಿ ಗುಂಪಿನ ಮೊದಲ ಎರಡು ಆಲ್ಬಂಗಳನ್ನು ಮುಂದಕ್ಕೆ ತನ್ನಿ, ಹದಿನಾರು ಸಿಗುತ್ತವೆ. ಎರಡನೆಯ ಗುಂಪಿನ ಮೂರನ್ನೂ ತರಬೇಕೆನಿಸಿದರೆ ತನ್ನಿ, ಬೇರೆಯವರ ಹಾಡುಗಳ ಗುಂಪಿನಿಂದ ಒಂದೇ ಸಾಕೆನಿಸಿದರೆ ಒಂದೇ ಸಾಕು. ಕಾಲದ ಅಂತರ ಈಗ ಮೊದಲಿನಷ್ಟು ತೊಡಕಾಗುವುದಿಲ್ಲ, ಏಕೆಂದರೆ ಪ್ರತಿಯೊಂದೂ ತನ್ನ ಗುಂಪಿನಲ್ಲಿ ಏಕೆ ಗೆದ್ದಿತು ಎಂಬುದು ನಿಮ್ಮ ಬಳಿ ಬರಹದಲ್ಲಿದೆ. ಒಂದೇ ನಿರ್ಮಾಪಕರ ಆಲ್ಬಂಗಳು ಇಲ್ಲಿ ಒಳ್ಳೆಯ ಸೇತುವೆಗಳಾಗುತ್ತವೆ: ಲಾನ್ವಾ ಅವರ 'ಓ ಮರ್ಸಿ' ಆರನೆಯ ಗುಂಪಿನಲ್ಲಿದೆ, 'ಟೈಮ್ ಔಟ್ ಆಫ್ ಮೈಂಡ್' ಏಳನೆಯದರಲ್ಲಿ. ಮೊದಲು ಇಂತಹ ಜೋಡಿಗಳನ್ನು ಇತ್ಯರ್ಥಪಡಿಸಿದರೆ ಉಳಿದದ್ದು ಸುಲಭ.

ಕೊನೆಯ ಎರಡು ಮೂರು ಸ್ಥಾನಗಳಿಗೆ ಪೈಪೋಟಿ ಹೆಚ್ಚಿ ತೀರ್ಮಾನವಾಗದಿದ್ದರೆ, ಆಲ್ಬಂಗಳನ್ನು ಮತ್ತೆ ಕೇಳುವ ಬದಲು ದಾಟಿಸಬೇಕೆನಿಸಿದ ಹಾಡುಗಳ ಟಿಪ್ಪಣಿಯನ್ನು ಮಾತ್ರ ಓದಿ. ಅಂತಹ ಹಾಡು ಕಡಿಮೆ ಇರುವ ಆಲ್ಬಂ ಒಳಗೆ ಬರಲಿ.

## ಹಂತ 9: ಕೂಟದಲ್ಲಿ ಹೋಲಿಸುವಾಗ

ಎಲ್ಲರೂ ತಮ್ಮ ಪಟ್ಟಿಯನ್ನು ಮೊದಲೇ ಬರೆದು ತರಬೇಕು. ಬಾಯಲ್ಲಿ ಹೇಳುತ್ತಾ ಹೋದರೆ ಮೊದಲು ಮಾತಾಡಿದವರ ಪಟ್ಟಿಯ ಕಡೆಗೆ ಉಳಿದವರು ವಾಲುತ್ತಾರೆ. ಒಂದು ಜೋಡಿಯ ಎರಡೂ ಆಲ್ಬಂಗಳನ್ನು ಪೂರ್ತಿ ಕೇಳಿದವರಿಗೆ ಮಾತ್ರ ಆ ಜೋಡಿಯಲ್ಲಿ ಮತವಿರಲಿ. ಈ ನಿಯಮವಿಲ್ಲದಿದ್ದರೆ ಎಲ್ಲರೂ ಕೇಳಿರುವ 'ಹೈವೇ 61'ಗೆ ಕೆಲವರಷ್ಟೇ ಕೇಳಿರುವ 'ಸೇವ್ಡ್' ಪ್ರತಿ ಸಲವೂ ಸೋಲುತ್ತದೆ, ಆ ಸೋಲಿನಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಐದನೆಯ ಗುಂಪು ಬಂದಾಗ ಮಾತು ಧರ್ಮದ ಕಡೆಗೆ ಜಾರದಂತೆ ನೋಡಿಕೊಳ್ಳಬೇಕು. ಪುರಂದರದಾಸರ ಪದಗಳನ್ನು ಮೆಚ್ಚಲು ದಾಸದೀಕ್ಷೆ ಬೇಕಿಲ್ಲ ಎಂಬುದು ನಮಗೆಲ್ಲ ಗೊತ್ತಿರುವುದೇ. 'ಸ್ಲೋ ಟ್ರೇನ್ ಕಮಿಂಗ್'ನಲ್ಲಿ ಮಾರ್ಕ್ ನಾಪ್ಲರ್ ಅವರ ಗಿಟಾರ್ ಕಂಠದ ಸುತ್ತ ಹೇಗೆ ಹೆಣೆದುಕೊಂಡಿದೆ ಎಂಬ ಪ್ರಶ್ನೆಯಿಂದ ಶುರುಮಾಡಿದರೆ ಚರ್ಚೆ ಆಲ್ಬಂ ಮೇಲೆಯೇ ನಿಲ್ಲುತ್ತದೆ.

ಮತಗಳು ಸಮನಾದಾಗ ಇಬ್ಬರು ಪ್ರತಿವಾದಿಗಳು ಪರಸ್ಪರರ ಆಯ್ಕೆಯನ್ನು ಐದು ನಿಮಿಷ ಸಮರ್ಥಿಸಲಿ. ಎದುರಿನವರ ಆಲ್ಬಂ ಪರವಾಗಿ ಮಾತಾಡಲು ಒಂದು ಹಾಡನ್ನೂ ಹೆಸರಿಸಲಾಗದವರು ಅದನ್ನು ಸರಿಯಾಗಿ ಕೇಳಿಲ್ಲ, ಅವರ ಮತವನ್ನು ಕೈಬಿಡಬಹುದು.

## ಕೆಲಸ ಕೆಡುತ್ತಿರುವ ಲಕ್ಷಣಗಳು

ನಿಮ್ಮ ಹತ್ತರಲ್ಲಿ ಎಂಟು ಆಲ್ಬಂಗಳು 1963ರಿಂದ 1976ರ ನಡುವಿನವೇ ಆಗಿದ್ದರೆ ಅದು ತಪ್ಪೆಂದೇನೂ ಅಲ್ಲ, ಆದರೆ ಏಳನೆಯ ಗುಂಪನ್ನು ಎರಡು ಸಲ ಕೇಳಿದಿರೋ ಇಲ್ಲವೋ ಎಂದು ಪರೀಕ್ಷಿಸಿಕೊಳ್ಳಬೇಕು. ವಯಸ್ಸಾದ ಕಂಠದ ಗೊಗ್ಗರಕ್ಕೆ ಕಿವಿ ಒಗ್ಗಲು ಒಂದು ಸಲ ಸಾಲದು. 'ರಫ್ ಅಂಡ್ ರೌಡಿ ವೇಸ್'ನ ಕೊನೆಯಲ್ಲಿರುವ, ಸುಮಾರು ಹದಿನೇಳು ನಿಮಿಷದ 'ಮರ್ಡರ್ ಮೋಸ್ಟ್ ಫೌಲ್' ಹಾಡನ್ನು ಅರ್ಧಕ್ಕೆ ನಿಲ್ಲಿಸಿದವರು ಆ ಆಲ್ಬಂಗೆ ಸ್ಥಾನ ಕೊಡುವ ಹಾಗಿಲ್ಲ.

ಇದಕ್ಕೆ ತದ್ವಿರುದ್ಧವಾದ ಲಕ್ಷಣವೂ ಉಂಟು: ಪಟ್ಟಿಯಲ್ಲಿ ಅಪರೂಪದ, ಯಾರೂ ಹೆಸರಿಸದ ಆಲ್ಬಂಗಳೇ ತುಂಬಿಕೊಳ್ಳುವುದು. 1986ರ 'ನಾಕ್ಡ್ ಔಟ್ ಲೋಡೆಡ್'ನಲ್ಲಿ ಸ್ಯಾಮ್ ಶೆಪರ್ಡ್ ಅವರೊಂದಿಗೆ ಬರೆದ 'ಬ್ರೌನ್ಸ್‌ವಿಲ್ ಗರ್ಲ್' ಎಂಬ ಹನ್ನೊಂದು ನಿಮಿಷದ ಅದ್ಭುತ ಹಾಡಿದೆ. ಅದೊಂದರ ಬಲದಿಂದ ಆ ಆಲ್ಬಂ ಹತ್ತರೊಳಗೆ ಬಂದಿದ್ದರೆ ನೀವು ಆಲ್ಬಮ್ಮನ್ನಲ್ಲ, ಹಾಡನ್ನು ಆರಿಸಿದ್ದೀರಿ. ಏಳನೆಯ ಹಂತಕ್ಕೆ ಮರಳಿ.

ಎಲ್ಲಕ್ಕಿಂತ ಸ್ಪಷ್ಟವಾದ ಲಕ್ಷಣವೆಂದರೆ, ಕೇಳುವ ಮೊದಲು ಮನಸ್ಸಿನಲ್ಲಿದ್ದ ಪಟ್ಟಿಗೂ ಕೊನೆಯ ಪಟ್ಟಿಗೂ ಒಂದೂ ಬದಲಾವಣೆ ಇಲ್ಲದಿರುವುದು. ಆಗ ಟಿಪ್ಪಣಿಗಳನ್ನು ತೆರೆದು, ಸೋತ ಪ್ರತಿ ಆಲ್ಬಂ ಬಗ್ಗೆ ಎಷ್ಟು ಸಾಲು ಬರೆದಿದ್ದೀರಿ ಎಂದು ನೋಡಿ. ಎರಡು ಸಾಲಿಗಿಂತ ಕಡಿಮೆ ಇರುವುದನ್ನೆಲ್ಲ ಮತ್ತೆ ಕೇಳಬೇಕು.

## ಪಟ್ಟಿಯನ್ನು ಮತ್ತೆ ತೆರೆಯುವುದು

ಮುಗಿದ ಪಟ್ಟಿಗೆ ದಿನಾಂಕ ಹಾಕಿ, ಕೇಳಿದ ಆವೃತ್ತಿ, ಮೋನೊ ಅಥವಾ ಸ್ಟೀರಿಯೊ, ಎಲ್ಲವನ್ನೂ ಪಕ್ಕದಲ್ಲಿ ಬರೆದಿಡಿ. ಆರು ತಿಂಗಳ ಒಳಗೆ ಅದನ್ನು ತಿದ್ದಬೇಡಿ. ಹೊಸ ಆಲ್ಬಂ ಬಂದರೆ ಅದನ್ನು ಏಳನೆಯ ಗುಂಪಿಗೆ ಸೇರಿಸಿ, ಆ ಗುಂಪಿನ ಎರಡನೆಯ ಸ್ಥಾನದಲ್ಲಿರುವ ಆಲ್ಬಂ ಜೊತೆ ಮಾತ್ರ ಜೋಡಿಯಾಗಿಸಿ. ಸೋತರೆ ಅಲ್ಲಿಗೆ ಮುಗಿಯಿತು, ಗೆದ್ದರೆ ಮೊದಲನೆಯದರ ಎದುರು ನಿಲ್ಲಿಸಿ. 'ಬೂಟ್‌ಲೆಗ್ ಸೀರೀಸ್'ನ ಹೊಸ ಸಂಪುಟ ಬಂದಾಗ ಪಟ್ಟಿಯನ್ನು ಮುಟ್ಟುವ ಅಗತ್ಯವೇ ಇಲ್ಲ. ಆ ಸಂಪುಟದ ಟೇಕ್‌ಗಳನ್ನು ಕೇಳಿದ ಮೇಲೆ ಮೂಲ ಆಲ್ಬಂ ಬೇರೆ ರೀತಿ ಕೇಳಿಸಿತು ಎಂದಾದರೆ, ಆ ಒಂದು ಆಲ್ಬಂನ ಟಿಪ್ಪಣಿಯ ಕೆಳಗೆ ಹೊಸ ದಿನಾಂಕದೊಂದಿಗೆ ಅದನ್ನು ಸೇರಿಸಿ, ಅದು ಗೆದ್ದ ಅಥವಾ ಸೋತ ಕೊನೆಯ ಜೋಡಿಯನ್ನು ಮತ್ತೊಮ್ಮೆ ಕೇಳಿದರೆ ಸಾಕು.